ಓದುವುದಕ್ಕೆ ಪಗಾರ

ನನ್ನ ಕುರ್ಚಿಗೆ ಹೊಸದಾಗಿ ಬಂದು ಕೂತಿರುವ ಹುಡುಗಿ ಮೊನ್ನೆ ಕುಂದಾದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಿದ್ದಳು. ಬೆಳಗಾವಿಯ ಒಂದು ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ನಾನು ನನ್ನ ಇಡೀ ನೌಕರಿ ಮುಗಿಸಿದವಳು, ಆಕೆ ಈಗಷ್ಟೇ ಶುರು ಮಾಡಿದವಳು. ಚಹಾ ಕುಡಿಯುತ್ತ ಒಂದು ಮಾತು ಕೇಳಿದಳು. “ಅರ್ಜಿ ತುಂಬೂದು ಹುಡುಗರ ಕೆಲಸ, ಮಂಜೂರ ಮಾಡೂದು ಸರಕಾರದ ಕೆಲಸ. ನಡುವ ನೀವು ಏನ ಮಾಡ್ತಿದ್ರಿ ಬಾಯಾರ?”

ಮೊದಲು ಸಿಟ್ಟು ಬಂತು. ಕುಂದಾ ಚೆನ್ನಾಗಿತ್ತು, ಅದಕ್ಕೆ ಸುಮ್ಮನಾದೆ. ಆಕೆ ಹೋದ ಮೇಲೆ ಯೋಚನೆ ಮಾಡಿದರೆ ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನು ಯಾರಿಗೂ ನನ್ನ ಗಂಟಿನಿಂದ ಕೊಡಲಿಲ್ಲ, ಯಾರಿಂದಲೂ ಏನನ್ನೂ ಇಸಿದುಕೊಳ್ಳಲಿಲ್ಲ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ನಡುವೆ ಒಂದು ಕಿಟಕಿ ಇತ್ತು, ಅದರ ಹಿಂದೆ ನಾನು ಕೂತಿರುತ್ತಿದ್ದೆ. ಆದರೆ ಆ ಕಿಟಕಿಯಿಂದ ನಾನು ಕಂಡ ಜನರನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಆ ಹುಡುಗಿಗೆ ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗ, ಸನ್ಮಾನದ ಶಾಲು ಇವುಗಳ ಸುದ್ದಿ ಇದರಲ್ಲಿಲ್ಲ. ಶಾಲನ್ನು ಚಳಿಗೆ ಹೊದೆಯುತ್ತೇನೆ, ಅಷ್ಟೇ.

ನಾನು ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಹುಡುಗರಿಗೆ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಬಾಯಾರ ಎನ್ನತೊಡಗಿದರು, ಅದೇ ಖಾಯಂ ಆಯಿತು. ನನ್ನ ಮೇಲಿನವರು ಹೆಡ್‌ಕ್ಲಾರ್ಕ್ ಜೋಶಿಯವರು. ಟಿಳಕವಾಡಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದರು, ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟಿನಲ್ಲಿ ಎರಡೂ. ಅವರು ನನಗೆ ಕಲಿಸಿದ ಮೊದಲ ಪಾಠ ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. “ಹೌದು ಅನ್ನೂದಿದ್ರ ಇವತ್ತ ಹೇಳು. ಇಲ್ಲ ಅನ್ನೂದಿದ್ರ ನಾಳೆ ಹೇಳು.” ಅಂದರೆ ಮಂಜೂರಾದ ಸುದ್ದಿಯನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು. ಅರ್ಜಿ ತಿರಸ್ಕಾರ ಮಾಡಬೇಕಾಗಿ ಬಂದರೆ ಮಾತ್ರ ಒಂದು ರಾತ್ರಿ ತಡೆದು, ಮರುದಿನ ಹೊಸ ಕಣ್ಣಿನಿಂದ ಇನ್ನೊಮ್ಮೆ ನೋಡಿ, ಆಮೇಲೆ ಹೇಳಬೇಕು. ಎಷ್ಟೋ ಸಲ ಆ ನಾಳೆ ಎಂಬುದೇ ಹುಡುಗರನ್ನು ಉಳಿಸಿತು.

ಇನ್ನೊಂದು ಪದ್ಧತಿ ಖಾನಾಪುರದ ರೈಲಿನದು. ಆ ಕಡೆಯ ಹುಡುಗರೆಲ್ಲ ಮುಂಜಾನೆಯ ಗಾಡಿಗೆ ಬರುತ್ತಿದ್ದರು. ಗಾಡಿ ತಡವಾದರೆ ಕೊನೆಯ ದಿನದ ಅರ್ಜಿಗಳೂ ತಡ. ಜೋಶಿಯವರು ಗಾಡಿಯ ಸೀಟಿ ಕೇಳದೆ ಕಿಟಕಿ ಮುಚ್ಚಗೊಡುತ್ತಿರಲಿಲ್ಲ. ಗಡಿಯಾರ ಏನೇ ಹೇಳಲಿ, ನಮ್ಮ ಕೊನೆಯ ತಾರೀಖು ಮುಗಿಯುತ್ತಿದ್ದುದು ರೈಲಿನ ಹುಡುಗರು ಬಂದು ಹೋದ ಮೇಲೆಯೇ.

ಈ ವಿಭಾಗಕ್ಕೆ ಬರುವವರು ಲೆಕ್ಕ ಚೆನ್ನಾಗಿ ಬರಬೇಕು ಎಂದುಕೊಂಡು ಬರುತ್ತಾರೆ. ಲೆಕ್ಕ ಯಾರಿಗಾದರೂ ಬರುತ್ತದೆ. ಬೇಕಾದದ್ದು ಮಾತಿನ ಮೇಲೆ ನಿಗಾ. ನಾನು ಸೇರಿದ ಮರುವರ್ಷ ಮೈಸೂರು ಕಡೆಯವರೊಬ್ಬರು ನಮಗೆ ಪ್ರಾಚಾರ್ಯರಾಗಿ ಬಂದರು. ಬಹಳ ಸಜ್ಜನರು. ಬಂದ ಹೊಸದರಲ್ಲೇ ಸಹಿಗೆ ಕಳಿಸಿದ್ದ ಅರ್ಜಿಗಳ ಗಂಟನ್ನೆಲ್ಲ ತಿರುಗಿ ಕಳಿಸಿಬಿಟ್ಟರು. ತಂದೆಯ ಆದಾಯದ ಪ್ರಮಾಣಪತ್ರ ಬೇಕು ಎಂದರೆ ಎಲ್ಲರೂ ಉತ್ಪನ್ನದ ದಾಖಲೆ ಲಗತ್ತಿಸಿದ್ದಾರೆ, ಇವರ ಮನೆಯಲ್ಲಿ ಏನು ಉತ್ಪಾದನೆಯಾದರೆ ನನಗೇನು ಎಂದು ಅವರ ತಕರಾರು. ನಮ್ಮ ಸೀಮೆಯಲ್ಲಿ ಉತ್ಪನ್ನ ಎಂದರೇ ಆದಾಯ, ಅದು ಮುಂಬಯಿ ಸರಕಾರದ ಕಾಲದಿಂದ ಬಂದ ಮರಾಠಿಯ ಬಳುವಳಿ ಎಂದು ನಾನು ಹೋಗಿ ವಿವರಿಸಿದೆ. ಅವರು ಕನ್ನಡಕ ತೆಗೆದು ಮನಸಾರೆ ನಕ್ಕರು. ಹಾಗಾದರೆ ನನ್ನ ಉತ್ಪನ್ನ ಎಷ್ಟೆಂದು ನನ್ನ ಹೆಂಡತಿಗೆ ಹೇಳಬೇಡಿ ಎಂದು ಕೂತಲ್ಲೇ ಅಷ್ಟಕ್ಕೂ ಸಹಿ ಹಾಕಿದರು.

ಆಯಿ ಎಂಬ ಮಾತಿನದೂ ಅದೇ ಪಾಡು. ನಮ್ಮ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಪಾಲಕರು ಯಾರು ಎಂಬಲ್ಲಿ ಹುಡುಗರು ಆಯಿ ಎಂದು ಬರೆದರೆ ಖಾನಾಪುರದ ತಾಲೂಕು ಕಚೇರಿಯ ಮರಾಠಿ ಕಾರಕೂನ ಅದನ್ನು ತಾಯಿ ಮಾಡುತ್ತಿದ್ದ. ಕಾಗದ ನಮ್ಮಲ್ಲಿಗೆ ಬರುವಷ್ಟರಲ್ಲಿ ಸತ್ತುಹೋದ ತಾಯಿ ಬದುಕಿ ಎದ್ದಿರುತ್ತಿದ್ದಳು. ಎರಡು ಭಾಷೆ ಒಂದೇ ಗಾಡಿಯಲ್ಲಿ ಕೂತು ಓಡಾಡುವ ಊರುಗಳಲ್ಲಿ ಇಂಥವೆಲ್ಲ ನಡೆಯುತ್ತವೆ. ಬೈದು ಪ್ರಯೋಜನವಿಲ್ಲ, ಪ್ರತಿಯೊಂದು ಶಬ್ದಕ್ಕೂ ನೀನು ಯಾವ ಊರಿನದು ಎಂದು ಕೇಳುತ್ತ ಹೋಗಬೇಕು.

ನಮ್ಮ ಮೇಜಿನ ಎಡಗಡೆ ಸರಕಾರದ ವಿದ್ಯಾರ್ಥಿವೇತನ, ಬಲಗಡೆ ಕಾಲೇಜಿನ ದುಡಿದು ಓದುವ ಯೋಜನೆ. ಎಡಗಡೆಯದು ಬಡವರ ಮನೆಯ ಮಕ್ಕಳಿಗೆ ಸರಕಾರ ಕೊಡುವುದು. ಬಲಗಡೆಯದು ಯಾವ ಪಟ್ಟಿಯಲ್ಲೂ ಹೆಸರು ಬರದ ಹುಡುಗರಿಗೆ. ಅವರು ಗ್ರಂಥಾಲಯದಲ್ಲಿ, ಪ್ರಯೋಗಶಾಲೆಯಲ್ಲಿ, ವಸತಿಗೃಹದ ಅಡುಗೆಮನೆಯಲ್ಲಿ ಒಂದಿಷ್ಟು ಹೊತ್ತು ಕೆಲಸ ಮಾಡಿ, ಮಾಡಿದ ಹೊತ್ತಿಗೆ ಚೀಟಿ ಬರೆಸಿಕೊಂಡು ತರುತ್ತಿದ್ದರು. ಹೊರಗೆ ದುಡಿಯುವವರೂ ಇದ್ದರು. ಮೊದಲ ತಾಸಿಗೆ ಬರುವ ಹುಡುಗರಲ್ಲಿ ಯಾರು ಮನೆಮನೆಗೆ ಪೇಪರ್ ಹಾಕಿ ಬಂದಿದ್ದಾರೆ ಎಂದು ಬೆರಳಿನ ಮಸಿ ನೋಡಿ ಹೇಳಬಹುದಿತ್ತು. ಕೆಲವರ ಅಂಗಿಯ ಮೇಲೆ ಮಗ್ಗದ ಹತ್ತಿಯ ನೂಲು. ಮಕ್ಕಳಿಗೆ ಮನೆಪಾಠ ಹೇಳುವ ಹುಡುಗಿಯರು ಸೀಮೆಸುಣ್ಣದ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಿದ್ದರು.

ಇಸ್ಮಾಯಿಲ್ ಎಂಬ ಹುಡುಗನನ್ನು ಮರೆಯಲಾರೆ. ಮನೆಯಲ್ಲಿ ದಖನಿ ಮಾತು, ನಮ್ಮ ಹತ್ತಿರ ಬೆಣ್ಣೆಯಂಥ ಕನ್ನಡ. ಅವನ ಕೆಲಸ ಗ್ರಂಥಾಲಯದಲ್ಲಿ ಹರಿದ ಪುಸ್ತಕ ಹೊಲಿದು ರಟ್ಟು ಹಾಕುವುದು. ಹೊಲಿಗೆ ಗಟ್ಟಿ, ಆದರೆ ಕೆಲಸ ಸಾಗದು. ಗ್ರಂಥಪಾಲಕರು ನನ್ನ ಹತ್ತಿರ ದೂರು ತಂದರು. ಅವನು ಪ್ರತಿ ಪುಸ್ತಕವನ್ನೂ ಓದಿ ಮುಗಿಸಿ ಆಮೇಲೆ ಸೂಜಿ ಹಿಡಿಯುತ್ತಾನಂತೆ. ಕರೆದು ಕೇಳಿದೆ. ಅವನು ತಲೆ ತಗ್ಗಿಸಿ ತನ್ನ ಚೀಟಿಯನ್ನು ಮುಂದಿಟ್ಟ. ಅದರಲ್ಲಿ ಓದಿದ ಹೊತ್ತನ್ನೆಲ್ಲ ತಾನೇ ಕಳೆದು, ಹೊಲಿದ ಹೊತ್ತನ್ನಷ್ಟೇ ಬರೆದಿದ್ದ. “ಓದಿದ್ದು ನಂದ್ರಿ ಬಾಯಾರ, ಹೊಲದದ್ದು ಕಾಲೇಜಿಂದು. ಎರಡೂ ಕೂಡಸಬಾರದ್ರಿ” ಎಂದ. ಗ್ರಂಥಪಾಲಕರು ದೂರನ್ನು ಹಿಂದಕ್ಕೆ ತೆಗೆದುಕೊಂಡರು. ಹೊಟ್ಟೆಗೆ ಸಾಲದ ಹುಡುಗನೊಬ್ಬ ಇಷ್ಟು ನಯವಾಗಿ ಗೆರೆ ಎಳೆದಿದ್ದ. ಅವನ ಪಾಲಿಗೆ ಓದು ಕೆಲಸವಲ್ಲ, ಸುಖ. ಇದಕ್ಕೆ ಸರಿಯಾಗಿ ತಿರುಗುಮುರುಗಾದ ಮಾತನ್ನು ಮುಂದೆ ಒಬ್ಬಾಕೆ ನನಗೆ ಹೇಳುವವಳಿದ್ದಳು. ಇಬ್ಬರಲ್ಲಿ ಯಾರು ಸರಿ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಎಂಬತ್ತರ ದಶಕದಲ್ಲಿ ಬ್ಯಾಂಕಿನ ಪದ್ಧತಿ ಬಂತು. ಅಲ್ಲಿಯತನಕ ರೆವೆನ್ಯೂ ಟಿಕೇಟಿನ ಮೇಲೆ ಸಹಿ ಹಾಕಿಸಿಕೊಂಡು ಕಿಟಕಿಯಲ್ಲೇ ಹಣ ಕೊಡುತ್ತಿದ್ದೆವು. ಆ ದಿನ ಕಾಲೇಜಿನ ಅಂಗಳಕ್ಕೆ ಹಬ್ಬದ ಕಳೆ. ಬ್ಯಾಂಕು ಬಂದ ಮೇಲೆ ದುಡ್ಡು ಸುರಕ್ಷಿತವಾಯಿತು, ನನ್ನ ಎದೆಯ ಡವಡವ ನಿಂತಿತು, ಅದೆಲ್ಲ ಖರೆ. ಆದರೆ ಯಾರು ಬಂದಿಲ್ಲ ಎಂದು ತಿಳಿಯುವ ದಾರಿ ಮುಚ್ಚಿಹೋಯಿತು. ಸಾಲಿನಲ್ಲಿ ಒಂದು ಮುಖ ಕಾಣದಿದ್ದರೆ ಅವನು ಜ್ವರದಲ್ಲಿದ್ದಾನೋ, ಕಾಲೇಜು ಬಿಟ್ಟನೋ ಎಂದು ನಾವು ವಿಚಾರಿಸುತ್ತಿದ್ದೆವು. ಈಗಿನವರು ಇದಕ್ಕೊಂದು ಉಪಾಯ ಕಂಡುಕೊಳ್ಳಬೇಕು, ನನಗೆ ಹೊಳೆಯಲಿಲ್ಲ.

ಇನ್ನು ಗೌರವ್ವನ ಪ್ರಕರಣ. ಇದು ಕಿಟಕಿಯ ಕಾಲದ್ದು, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗಿನದು.

ಗೌರವ್ವ ಕುಂಬಾರರ ಹುಡುಗಿ. ನಂದಗಡದ ಆಚೆಗೆ ಒಂದು ಸಣ್ಣ ಊರು. ತಂದೆತಾಯಿ ಇಲ್ಲ, ಆಯಿ ಬಾಳವ್ವ ಸಾಕಿದ್ದು. ಬಾಳವ್ವ ಗಡಿಗೆ ಮಾಡಿ ನಂದಗಡದ ಸಂತೆಯಲ್ಲಿ ಮಾರಿ ಮೊಮ್ಮಗಳನ್ನು ಬೆಳಗಾವಿಯವರೆಗೆ ಓದಲು ಕಳಿಸಿದ್ದಳು. ಆ ಊರಿನಿಂದ ಹುಡುಗಿಯೊಬ್ಬಳು ಬಿ.ಎಸ್ಸಿ. ಓದಲು ಬಂದದ್ದು ಅದೇ ಮೊದಲು. ಸರಕಾರದ ವಿದ್ಯಾರ್ಥಿವೇತನ ಬರುತ್ತಿತ್ತು, ಅದರಲ್ಲಿ ವಸತಿಗೃಹದ ಊಟ ಮತ್ತು ಪರೀಕ್ಷೆಯ ಫೀ ನಡೆಯುತ್ತಿದ್ದವು. ಅದಕ್ಕೊಂದು ನಿಯಮವಿತ್ತು: ಸರಕಾರದಿಂದ ಪಡೆಯುವವರು ಎಲ್ಲೂ ನೌಕರಿಯಲ್ಲಿರಬಾರದು. ಹೀಗಾಗಿ ಆಕೆ ಬಲಗಡೆಯ ಯೋಜನೆಯಲ್ಲಿ ಕೆಲಸಕ್ಕೂ ಸೇರುವಂತಿರಲಿಲ್ಲ. ಮಿತಭಾಷಿ ಹುಡುಗಿ. ನಡೆಯುವಾಗ ತಲೆ ಒಂದಿಷ್ಟೂ ಅಲುಗುತ್ತಿರಲಿಲ್ಲ, ತಲೆಯ ಮೇಲೆ ಕೊಡ ಇಟ್ಟು ನಡೆದವರ ನಡಿಗೆ.

ಕೊನೆಯ ವರ್ಷ, ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ಅರ್ಜಿದಾರಳು ನೌಕರಿಯಲ್ಲಿದ್ದು ವೇತನ ಪಡೆಯುತ್ತಿರುವುದು ವಿಚಾರಣೆಯಿಂದ ಕಂಡುಬಂದಿದೆ, ಆದ್ದರಿಂದ ವಿದ್ಯಾರ್ಥಿವೇತನ ರದ್ದು.

ಗೌರವ್ವನನ್ನು ಕರೆಸಿ ಎಲ್ಲಿ ಕೆಲಸ ಮಾಡುತ್ತೀ ಎಂದು ಕೇಳಿದೆ. ಎಲ್ಲೂ ಇಲ್ಲ ಎಂದಳು. ಆ ಮುಖದಲ್ಲಿ ಸುಳ್ಳು ಇರಲಿಲ್ಲ. ವಸತಿಗೃಹದವರು ಅಷ್ಟರಲ್ಲೇ ಬಾಕಿ ಇರುವವರ ಹೆಸರು ಹಲಗೆಗೆ ಹಚ್ಚಿದ್ದರು. ಊರಿನಿಂದ ಸೋದರಮಾವ ಹೇಳಿ ಕಳಿಸಿದ್ದನಂತೆ, ಅಲ್ಲಿಯ ಪಗಾರ ನಿಂತರೆ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಇದೆ, ಬಂದುಬಿಡು ಎಂದು. ಪರೀಕ್ಷೆಯ ಅರ್ಜಿಗೆ ಉಳಿದದ್ದು ಕೆಲವೇ ದಿನ. ಅಷ್ಟರೊಳಗೆ ಈ ಪತ್ರ ಬದಲಾಗದಿದ್ದರೆ ಆ ಹುಡುಗಿ ಹಂಚು ಹೊರಲು ಹೋಗುತ್ತಿದ್ದಳು, ಒಮ್ಮೆ ಹೋದವಳು ತಿರುಗಿ ಬರುತ್ತಿರಲಿಲ್ಲ. ಅಂಥವರನ್ನು ನಾನು ಬೇಕಾದಷ್ಟು ಕಂಡಿದ್ದೆ.

ಜೋಶಿಯವರು ಜಿಲ್ಲಾ ಕಚೇರಿಗೆ ಸೈಕಲ್ ತುಳಿದು ಹೋಗಿ ವಿಚಾರಣೆಯ ನಕಲು ತಂದರು. ಊರಿನ ಲೆಕ್ಕ ಬರೆಯುವ ತಲಾಠಿ ಬಾಳವ್ವನ ಮನೆಗೆ ಹೋಗಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಪಗಾರ ಇದೆಯೇ ಎಂದು ಕೇಳಿದ್ದಾನೆ. ಬಾಳವ್ವ ಹೌದು ಎಂದಿದ್ದಾಳೆ. ಮೊಮ್ಮಗಳಿಗೆ ಬೆಳಗಾವಿಯ ಕಾಲೇಜಿನಲ್ಲಿ ಪಗಾರ ಇದೆ ಎಂದು ಹೇಳಿ ಹೆಬ್ಬಟ್ಟು ಒತ್ತಿದ್ದಾಳೆ. ಹಾಗಾದರೆ ಗೌರವ್ವ ನಮ್ಮ ಕಚೇರಿಯಲ್ಲೇ ನೌಕರಿಯಲ್ಲಿದ್ದಾಳೆ, ನಮಗೇ ಗೊತ್ತಿಲ್ಲ ಎಂದು ಜೋಶಿಯವರು ನಕ್ಕರು. ಆ ನಗೆಯ ನಡುವೆಯೇ ನನಗೆ ಹೊಳೆಯಿತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗಿತ್ತು ನಮ್ಮ ಪಾಡು. ಮೊದಲ ವರ್ಷ ಮಂಜೂರಾತಿಯ ಪತ್ರ ಊರಿಗೆ ಹೋದಾಗ ಯಾರೋ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದಾರೆ: ವಿದ್ಯಾರ್ಥಿವೇತನ ಮಂಜೂರಾಗಿದೆ. ವೇತನ ಅಂದರೆ ಏನು? ಪಗಾರ. ಬಾಳವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ. ಸರಕಾರ ತಾನೇ ಕೊಟ್ಟ ವೇತನವನ್ನು ತಾನೇ ನೌಕರಿ ಎಂದು ಹಿಡಿದು, ವೇತನ ಬರುತ್ತದೆ ಎಂಬ ಕಾರಣಕ್ಕೆ ವೇತನ ನಿಲ್ಲಿಸಿತ್ತು.

ಪ್ರಾಚಾರ್ಯರು ಪತ್ರ ಬರೆದರು. ಮೊದಲ ಹೇಳಿಕೆ ಕೊಟ್ಟವರೇ ತಹಶೀಲ್ದಾರರ ಮುಂದೆ ಬಂದು ಅದನ್ನು ತಿದ್ದಿ ಹೇಳಬೇಕು ಎಂದು ಉತ್ತರ ಬಂತು. ಸರಿ, ಒಂದು ಹೆಬ್ಬಟ್ಟಿನ ಕೆಲಸ ಎಂದುಕೊಂಡು ನಾನೂ ಗೌರವ್ವನೂ ಖಾನಾಪುರಕ್ಕೆ ಹೊರಟೆವು.

ಬಾಳವ್ವ ನಮಗಿಂತ ಮೊದಲೇ ಬಂದು ಕಚೇರಿಯ ಕಟ್ಟೆಯ ಮೇಲೆ ಕೂತಿದ್ದಳು. ಸಣ್ಣ ಆಳು, ಕೊರಳಲ್ಲಿ ಲಿಂಗ, ಒಂದು ಕಿವಿ ಮಂದ. ಮಣ್ಣು ತುಳಿದ ಕಾಲುಗಳು ಮಾತ್ರ ದೊಡ್ಡವು. ನನ್ನನ್ನು ನೋಡಿ ಎದ್ದು ನಿಂತು, ನಮ್ಮ ಹುಡುಗಿ ಕೆಲಸ ಸರಿಯಾಗಿ ಮಾಡುತ್ತಾಳೋ ಇಲ್ಲವೋ ಎಂದು ಮೊದಲು ಕೇಳಿದಳು. ಚೆನ್ನಾಗಿ ಓದುತ್ತಾಳೆ ಎಂದೆ. ಮತ್ತೆ ಪಗಾರ ಯಾಕೆ ನಿಂತಿತು ಎಂದಳು. ನಿಂತದ್ದು ನಿಮ್ಮ ಮಾತಿನಿಂದ ಎಂದು ಆ ಮುಖಕ್ಕೆ ಹೇಳದೆ, ಒಳಗೆ ಹೋದರೆ ತಿಳಿಯುತ್ತದೆ ಎಂದೆ.

ತಹಶೀಲ್ದಾರರು ವಿಜಾಪುರ ಕಡೆಯ ಹಿರಿಯರು. ಒಳಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ವಿಷಯವೆಲ್ಲ ನನ್ನಿಂದ ಕೇಳಿ ಅವರಿಗೂ ನಗೆ ಬಂತು. ಕಾರಕೂನನ ಕೈಗೆ ಕಾಗದ ಕೊಟ್ಟು, ಮೊಮ್ಮಗಳಿಗೆ ಪಗಾರ ಇಲ್ಲ ಎಂದು ಒಂದು ಮಾತು ಹೇಳಿಬಿಡು ಆಯಿ, ಇವನು ಬರೆದುಕೊಳ್ಳುತ್ತಾನೆ, ಮುಗಿಯಿತು ಎಂದರು.

ಬಾಳವ್ವ ಹೇಳಲಿಲ್ಲ.

ಹೇಳಿದರೆ ಸುಳ್ಳಾಗುತ್ತದೆ ಎಂದಳು. ತಿಂಗಳಾದರೆ ಕೊಡುತ್ತಾರೆ, ಸಹಿ ಮಾಡಿಸಿಕೊಂಡು ಕೊಡುತ್ತಾರೆ, ಅದನ್ನು ಇಲ್ಲ ಎಂದು ಹೇಗೆ ಹೇಳಲಿ ಎಂದಳು. ನಾನು ತಿಳಿಹೇಳಲು ಹೋದೆ. ಪಗಾರ ಅಂದರೆ ದುಡಿದದ್ದಕ್ಕೆ ಕೊಡುವುದು, ಗೌರವ್ವ ನಮ್ಮಲ್ಲಿ ದುಡಿಯುವುದಿಲ್ಲ, ಸುಮ್ಮನೆ ಓದುತ್ತಾಳೆ ಎಂದೆ. ಸುಮ್ಮನೆ ಎಂಬ ಆ ಒಂದು ಮಾತು ಬಾಯಿಂದ ಜಾರಬಾರದಿತ್ತು. ಬಾಳವ್ವ ನನ್ನ ಕಡೆ ತಿರುಗಿ ಕೂತಳು.

“ಯವ್ವಾ, ಸೂಟಿಗೆ ಬಂದಾಗ ಅಕೀನ ನೋಡೀನಿ. ಮುಂಜಾನಿಂದ ಸಂಜಿತನಕ ಬಗ್ಗಿದ ತಲಿ ಎತ್ತಂಗಿಲ್ಲ. ನಾ ಮಣ್ಣ ತುಳದ್ರ ಕಾಲ ನೋಯ್ತಾವು, ಅಕೀಗೆ ಕಣ್ಣ ನೋಯ್ತಾವು. ಓದೂದು ದುಡಿಮಿ ಅಲ್ಲಂದ್ರ ಅಕೀಗೆ ಯಾಕ ಕೊಡ್ತೀರಿ? ದುಡಿಮಿ ಹೌದಂದ್ರ ನಾ ಹೇಳಿದ್ದು ಖರೇ ಐತಿ.”

ಕಾರಕೂನ ಪೆನ್ನನ್ನು ಮೇಜಿನ ಮೇಲೆ ಇಟ್ಟ. ಅಷ್ಟು ವರ್ಷ ಆ ಕಿಟಕಿಯ ಹಿಂದೆ ಕೂತು ವಿದ್ಯಾರ್ಥಿವೇತನ ಎಂಬ ಶಬ್ದವನ್ನು ನಾನು ಎಷ್ಟು ಸಾವಿರ ಸಲ ಬರೆದಿದ್ದೆನೋ. ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡಿರಲಿಲ್ಲ. ಅಕ್ಷರ ಬಾರದ ಆ ಮುದುಕಿ ಕಾಯಕದ ಲೆಕ್ಕ ಹಿಡಿದು ಅದನ್ನು ಬಿಚ್ಚಿ ನಮ್ಮೆದುರು ಇಟ್ಟಿದ್ದಳು. ಬೆರಗಿನ ಜೊತೆಗೇ ಭಯವೂ ಆಯಿತು. ಇಷ್ಟು ಖರೆ ಹೇಳುವವಳ ಕೈಯಿಂದಲೇ ಮೊಮ್ಮಗಳ ಓದು ಮುಳುಗುತ್ತದಲ್ಲ ಎಂದು.

ಗೌರವ್ವ ಅಳಲಿಲ್ಲ. ಆಯಿಯ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಹೇಳಿಬಿಡು ಎಂದು ಒಂದು ಮಾತು ಆಕೆ ಅಂದಿದ್ದರೆ ಬಾಳವ್ವ ಮಣಿಯುತ್ತಿದ್ದಳೋ ಏನೋ. ಆಕೆ ಅನ್ನಲಿಲ್ಲ. ಅವಳೂ ಅದೇ ಮನೆಯ ಹುಡುಗಿ.

ತಹಶೀಲ್ದಾರರು ಎಲ್ಲರಿಗೂ ಚಹಾ ತರಿಸಿದರು. ಸರಕಾರಿ ಕಚೇರಿಯಲ್ಲಿ ದಾರಿ ಕಾಣದಾದಾಗ ಚಹಾ ತರಿಸುವುದು ರೂಢಿ. ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕಾರಕೂನ ಕೊನೆಯ ಯತ್ನ ಮಾಡಿದ. ಖಾನಾಪುರದ ಮರಾಠಿ ಮನುಷ್ಯ, ತನ್ನ ಭಾಷೆಯ ಶಬ್ದದಿಂದಾದರೂ ಕೆಲಸ ಆಗುತ್ತದೇನೋ ಎಂದು ನೋಡಿದ. “ಆಜಿ, ಇದಕ್ಕ ಪಗಾರ ಅನ್ನಬ್ಯಾಡ. ನಮ್ಮ ಮರಾಠ್ಯಾಗ ಇದಕ್ಕ ಶಿಷ್ಯವೃತ್ತಿ ಅಂತಾರ” ಎಂದ.

ವೃತ್ತಿ ಅಂದರೆ ಮತ್ತೆ ಉದ್ಯೋಗವೇ ಆಯಿತಲ್ಲ, ಬಾಣಲೆಯಿಂದ ಬೆಂಕಿಗೆ ಬಿದ್ದೆವು ಎಂದುಕೊಂಡೆ. ಬಾಳವ್ವ ಮಾತ್ರ ಮಂದವಲ್ಲದ ಕಿವಿಯನ್ನು ಅವನ ಕಡೆ ಮಾಡಿದಳು.

“ಏನಂದೆಪಾ? ಸಿಸ್ಯಾನ ಬುತ್ತಿ?”

ಕಾರಕೂನ ಅಲ್ಲ ಎನ್ನಲು ಬಾಯಿ ತೆರೆದ. ತಹಶೀಲ್ದಾರರು ಮೇಜಿನ ಮೇಲೆ ಅಂಗೈ ಇಟ್ಟು ಅವನನ್ನು ತಡೆದರು.

“ಬುತ್ತಿ ಅಂದ್ರ ಬ್ಯಾರೆ ಬಿಡ್ರಿ” ಎಂದಳು ಬಾಳವ್ವ. “ಬುತ್ತಿಗೆ ಯಾರೂ ಪಗಾರ ಅನ್ನಂಗಿಲ್ಲ. ದೂರ ಹೋಗಾವ್ರಿಗೆ ಕಟ್ಟಿ ಕೊಡ್ತಾರ. ಉಣ್ಣಬೇಕು, ಊರು ಮುಟ್ಟಬೇಕು. ನಡುವ ತಿರುಗಿ ಬಂದ್ರ ಕಟ್ಟಿದಾವ್ರಿಗೆ ಅವಮಾನ. ಇದನ್ನ ಮೊದಲ ಹೇಳಿದ್ರ ನಾ ತಲಾಠಿಗೆ ಯಾಕ ಹಂಗ ಹೇಳ್ತಿದ್ದೆ?”

ವೇತನ ಎಂದು ಬೆಂಗಳೂರಿನಲ್ಲಿ ಯಾರು ಹೆಸರಿಟ್ಟರೋ, ವೃತ್ತಿ ಎಂದು ಮುಂಬಯಿಯಲ್ಲಿ ಯಾರು ಹೆಸರಿಟ್ಟರೋ. ಇಬ್ಬರಿಗೂ ಸಿಗದ ಹೆಸರು ಖಾನಾಪುರದ ಬೆಂಚಿನ ಮೇಲೆ ಒಂದು ಕಿವಿ ಮಂದವಾದ ಹೆಂಗಸಿಗೆ ಸಿಕ್ಕಿತ್ತು. ಅದಕ್ಕಿಂತ ಒಪ್ಪುವ ಹೆಸರನ್ನು ನಾನು ಇಲ್ಲಿಯತನಕ ಕೇಳಿಲ್ಲ. ಜೋಳದ ರೊಟ್ಟಿ, ಮೇಲಿಷ್ಟು ಪಲ್ಯ, ಅರಿವೆಯ ಗಂಟು. ಕೊಟ್ಟವರು ಲೆಕ್ಕ ಬರೆಯುವುದಿಲ್ಲ, ತೆಗೆದುಕೊಂಡವರು ನಾಚುವುದಿಲ್ಲ.

ತಹಶೀಲ್ದಾರರು ತಾವೇ ಪೆನ್ನು ತೆಗೆದುಕೊಂಡರು. ನನ್ನ ಮೊಮ್ಮಗಳಿಗೆ ಎಲ್ಲಿಯೂ ಪಗಾರ ಇರುವುದಿಲ್ಲ; ಕಾಲೇಜು ಓದಿ ಮುಗಿಸುವ ಸಲುವಾಗಿ ಸರಕಾರದವರು ಬುತ್ತಿ ಕೊಡುತ್ತಾರೆ; ಇದು ಖರೆ. ಓದಿ ಹೇಳಿದರು. ಬಾಳವ್ವ ಎರಡು ಸಲ ಓದಿಸಿಕೊಂಡು ಹೆಬ್ಬಟ್ಟು ಒತ್ತಿದಳು. ಅದರ ಕೆಳಗೆ ಬುತ್ತಿ ಅಂದರೆ ವಿದ್ಯಾರ್ಥಿವೇತನ ಎಂದು ಷರಾ ಬರೆದು ಸಹಿ ಮಾಡಿ, ಮುದ್ರೆ ಹಾಕಿದರು. ಹಾಕುವಾಗ ಅವರ ತುಟಿಯ ಮೇಲೆ ನಗೆ ಇತ್ತು, ಕಣ್ಣುಗಳು ಮಾತ್ರ ತೇವವಾಗಿದ್ದವು. ಅದನ್ನು ನಾನು ನೋಡಿದೆ ಎಂದು ಅವರಿಗೂ ಗೊತ್ತಾಯಿತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಬಾಳವ್ವ ನನ್ನನ್ನು ಬಾಜೂಕೆ ಕರೆದು ಕೂರಿಸಿಕೊಂಡಳು. ಆಕೆಗೆ ಇನ್ನೊಂದು ಚಿಂತೆ ಹತ್ತಿತ್ತು. ಬುತ್ತಿ ಸರಿ, ಆದರೆ ಕಟ್ಟುವವರು ಯಾರು? ಸರಕಾರ ಎಂದೆ. ಸರಕಾರದ ಮನೆಯಲ್ಲಿ ಜೋಳ ಎಲ್ಲಿಂದ ಬಂತು ಎಂದಳು. ಜನ ಕೊಡುವ ಕರದಿಂದ ಎಂದೆ. ಕಡ್ಡಿಪೆಟ್ಟಿಗೆ ಕೊಂಡರೂ, ಸಕ್ಕರೆ ಕೊಂಡರೂ ಅದರಲ್ಲಿ ಒಂದು ಚೂರು ಹೋಗುತ್ತದೆ ಎಂದೆ. ಆಮೇಲೆ, ಸಂತೆಯಲ್ಲಿ ಕೂರುವ ಜಾಗಕ್ಕೆ ತಾನು ಕೊಡುವ ಪಟ್ಟಿಯ ದುಡ್ಡೂ ಅದರಲ್ಲಿ ಕೂಡುತ್ತದೆಯೇ ಎಂದು ಕೇಳಿದಳು.

ಹೌದು ಎಂದುಬಿಟ್ಟರೆ ಸುಲಭವಿತ್ತು. ಆದರೆ ಈಗಷ್ಟೇ ಒಳಗೆ ಅದನ್ನೆಲ್ಲ ನೋಡಿ ಬಂದವಳಿಗೆ ಸುಳ್ಳು ಹೇಳಲು ಧೈರ್ಯ ಬೇಕಲ್ಲ. ಇಲ್ಲ ಆಯಿ, ಅದು ಪಂಚಾಯಿತಿಗೆ ಹೋಗುತ್ತದೆ, ಊರ ರಸ್ತೆಗೆ, ಬಾವಿಗೆ, ಮಕ್ಕಳು ಕಲಿಯುವ ಸಾಲಿಯ ಹಂಚು ಒಡೆದರೆ ಅದಕ್ಕೆ ಎಂದೆ. ಸಾಲಿಗೇ? ಎಂದು ಕೇಳಿದಳು. ಸಾಲಿಗೂ ಹೌದು ಎಂದೆ. ಬಸ್ಸು ಬಂತು, ಹತ್ತಿಸಿ ಕಳಿಸಿದೆವು.

ಆ ಕಾಗದ ಜಿಲ್ಲಾ ಕಚೇರಿಗೆ ಹೋಯಿತು. ಬುತ್ತಿ ಎಂಬ ಶಬ್ದ ಯಾವ ಕಾಯ್ದೆಯಲ್ಲಿದೆ ಎಂದು ಅಲ್ಲಿಯವರು ಕೇಳುತ್ತಾರೆಂದು ನಾವು ಹೆದರಿದ್ದೆವು. ಯಾರೂ ಕೇಳಲಿಲ್ಲ. ಬಂದ್ ಆಗಿದ್ದದ್ದು ಬಾಕಿಸಮೇತ ಬಿಡುಗಡೆಯಾಗಿ ಬಂದ ದಿನ ಜೋಶಿಯವರು ಗೌರವ್ವನನ್ನು ಪಾಠದ ನಡುವೆಯೇ ಹೊರಗೆ ಕರೆಸಿದರು. ಪರೀಕ್ಷೆಯ ಅರ್ಜಿ ಕೊನೆಯ ದಿನ ಸೇರಿತು. ಆಕೆ ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಊರಿಗೆ ಹೋಗಿ ಆಯಿಗೆ ಹೇಳಬೇಕು, ನೀವೂ ಬರ್ರಿ ಬಾಯಾರ ಎಂದು ಕರೆದಳು. ಪಾಸಾಗಿದ್ದಳು, ಅದೂ ಒಳ್ಳೆಯ ದರ್ಜೆಯಲ್ಲಿ. ನನ್ನ ಅಕ್ಕನ ಮನೆ ಖಾನಾಪುರದಲ್ಲೇ ಇತ್ತು, ಆ ನೆವ ಮಾಡಿಕೊಂಡು ಹೋದೆ. ಅಂದು ನಂದಗಡದ ಸಂತೆ, ಬಾಳವ್ವ ಅಲ್ಲೇ ಇರುತ್ತಾಳೆಂದು ನಾವು ನೇರ ಸಂತೆಗೆ ಹೋದೆವು.

ಗಡಿಗೆಗಳ ನಡುವೆ ಆಕೆ ಕೂತಿದ್ದಳು. ಗೌರವ್ವ ಪಕ್ಕದಲ್ಲಿ ಕೂತು ಸರಿಯಾದ ಕಿವಿಯಲ್ಲಿ ಸುದ್ದಿ ಹೇಳಿದಳು. ಬಾಳವ್ವ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಸವರಿ ಲಟಿಗೆ ಮುರಿದಳು. ಅಷ್ಟರಲ್ಲಿ ಪಟ್ಟಿ ಎತ್ತುವವನು ಬಂದ. ದೂರದಿಂದಲೇ ಅವನ ಮುಖ ಹುಳ್ಳಗಾಗಿತ್ತು. ಆ ಸಂತೆಯಲ್ಲಿ ಬಾಳವ್ವನ ಜಗಳ ಹೆಸರಾದದ್ದಂತೆ, ನೆಲ ಏನು ನಿಮ್ಮಪ್ಪ ಮಾಡಿದ್ದೇ ಎಂದು ಶುರುವಾದರೆ ಸುತ್ತಲಿನವರು ವ್ಯಾಪಾರ ಬಿಟ್ಟು ನೋಡುತ್ತಿದ್ದರಂತೆ. ಇಂದು ಅವನು ಬಾಯಿ ತೆರೆಯುವ ಮೊದಲೇ ಬಾಳವ್ವ ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು ಅವನ ಕೈಗೆ ಹಾಕಿದಳು.

ಅವನಿಗೆ ನಂಬಿಕೆ ಬರಲಿಲ್ಲ. ಇವತ್ತು ಜಗಳ ಇಲ್ಲವೇ ಆಯಿ ಎಂದು ಕೇಳಿದ.

“ನಮ್ಮ ಹುಡುಗಿ ಊರು ಮುಟ್ಟಿದ್ಲಪಾ” ಎಂದಳು ಬಾಳವ್ವ. “ದಾರ್ಯಾಗ ಇನ್ನೂ ಯಾರ್‍ಯಾರ ಮಕ್ಕಳ ಅದಾವೋ. ತಗೊಂಡ ಹೋಗು.”